ಒಂಟಿ ಕಾಲಿನ ಬಲಪರೀಕ್ಷೆ: ಫೋರ್ಸ್ ಪ್ಲೇಟಿನ ಅಂಕಿಯನ್ನು ಎಷ್ಟು ನಂಬಬಹುದು?

ಕೊಪ್ಪಳದಿಂದ ಕೋರಿಕೆ:
ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. 1,500 ಮೀಟರ್ ಓಡುವ ನನ್ನ ವಿದ್ಯಾರ್ಥಿನಿಯನ್ನು ಫೋರ್ಸ್ ಪ್ಲೇಟಿನ (ಪಾದ ಒತ್ತುವ ಬಲವನ್ನು ಅಳೆಯುವ ಹಲಗೆ) ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಿಸಿ, ಅಲುಗದಂತೆ ಬಿಗಿದ ಬಾರನ್ನು ಮೇಲಕ್ಕೆ ಎಳೆಸಿದಾಗ, ಎಡಗಾಲಿನ ಬಲ ಬಲಗಾಲಿಗಿಂತ ಶೇ. 13ರಷ್ಟು ಕಡಿಮೆ ಎಂದು ವರದಿ ಬಂದಿದೆ. ಆಕೆಗೆ ನೋವೇನೂ ಇಲ್ಲ. ಓಟ ನಿಲ್ಲಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಬಳ್ಳಾರಿಯಿಂದ:
ಮೇಷ್ಟ್ರೇ, ಓಟ ನಿಲ್ಲಿಸುವ ಮೊದಲು, ಆ ಶೇಕಡಾವಾರನ್ನು ದೇಹತೂಕ ಕಳೆದು ಲೆಕ್ಕ ಹಾಕಿದ್ದಾರೋ, ಸೇರಿಸಿಯೋ ಎಂಬುದನ್ನು ವಿಚಾರಿಸಿ. 52 ಕಿಲೋ ತೂಕದ ಹುಡುಗಿ ಸುಮ್ಮನೆ ನಿಂತರೂ ಪ್ಲೇಟು ಸುಮಾರು 510 ನ್ಯೂಟನ್ ತೋರಿಸುತ್ತದೆ. ಎಳೆದಾಗ ಬಲಗಾಲಿಗೆ 1,120, ಎಡಗಾಲಿಗೆ 1,040 ಬಂತೆನ್ನೋಣ; ತೂಕ ಸೇರಿಸಿ ನೋಡಿದರೆ ವ್ಯತ್ಯಾಸ ಶೇ. 7, ತೂಕ ಕಳೆದರೆ 610ಕ್ಕೆ 530, ಅಂದರೆ ಶೇ. 13. ಅದೇ 80 ನ್ಯೂಟನ್ ಒಂದು ವರದಿಯಲ್ಲಿ ಸಾಧಾರಣವಾಗಿ, ಇನ್ನೊಂದರಲ್ಲಿ ಭಯ ಹುಟ್ಟಿಸುವಂತೆ ಕಾಣುತ್ತದೆ.

ಫಿಸಿಯೋಥೆರಪಿಸ್ಟ್ ಆಗಿರುವ ನಾನು ಮೊದಲ ತಿಂಗಳು ದಾಖಲಿಸಿದ ಅಂಕಿಗಳನ್ನೆಲ್ಲ ಬದಿಗಿಡಬೇಕಾಯಿತು. ನಮ್ಮ ಕೋಣೆಯ ಕಡಪ ಕಲ್ಲಿನ ಹಾಸು ಒಂದು ಮೂಲೆಯಲ್ಲಿ ತಗ್ಗಿದ್ದುದರಿಂದ ಪ್ಲೇಟಿನ ಒಂದು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಅಂಗೈಯಿಂದ ಒತ್ತಿದರೆ ‘ಟಕ್’ ಎನ್ನುತ್ತಿತ್ತು. ಆ ಸದ್ದನ್ನು ನಾನು ದಿನವೂ ಕೇಳಿಸಿಕೊಂಡು ಸುಮ್ಮನಿದ್ದೆ ಎಂಬುದೇ ನಾಚಿಕೆಯ ಸಂಗತಿ. ಈಗ ನೆಲದ ಮಟ್ಟ ನೋಡಿ, ಪ್ಲೇಟನ್ನು ಸೊನ್ನೆಗೆ ತಂದು, ಮೊಣಕಾಲಿನ ಕೋನವನ್ನು ಅಳೆದು ಬರೆದಿಟ್ಟುಕೊಂಡ ಬಳಿಕವೇ ಎಳೆಯಲು ಹೇಳುತ್ತೇನೆ, ಏಕೆಂದರೆ ಕೋನ ಬದಲಾದರೆ ಬಲವೂ ಬದಲಾಗುತ್ತದೆ. ಕಾಲಿಗಿಂತ ಮೊದಲು ಕೈ ಸೋಲದಿರಲು ಮಣಿಕಟ್ಟನ್ನು ಪಟ್ಟಿಯಿಂದ ಬಾರಿಗೆ ಸುತ್ತುತ್ತೇನೆ. ಒಂದೆರಡು ಅಭ್ಯಾಸದ ಎಳೆತಗಳಾದ ಮೇಲೆ ಪ್ರತಿ ಕಾಲಿಗೆ ಮೂರು, ಒಂದೊಂದೂ ಮೂರರಿಂದ ಐದು ಸೆಕೆಂಡು, ನಡುವೆ ವಿಶ್ರಾಂತಿ. ಒಂದೇ ಕಾಲಿನ ಮೂರು ಎಳೆತಗಳೇ ತಮ್ಮತಮ್ಮಲ್ಲಿ ಶೇ. 10ರಷ್ಟು ಏರಿಳಿದರೆ, ಎರಡು ಕಾಲುಗಳ ನಡುವಿನ ಶೇ. 13ಕ್ಕೆ ಏನು ಬೆಲೆ? ಬಲ ಎಷ್ಟು ಬೇಗ ಏರಿತೆಂಬ ಅಂಕಿಯಂತೂ ಗರಿಷ್ಠ ಬಲಕ್ಕಿಂತ ಹೆಚ್ಚು ಚಂಚಲ.

ರಾಯಚೂರಿನಿಂದ:
ಮೇಲಿನವರ ಮಾತಿಗೆ ಒಂದು ಸೇರಿಕೆ. ಓಟಗಾರರಿಗೆ ಮೀನಖಂಡವನ್ನು ಪ್ರತ್ಯೇಕವಾಗಿ ಅಳೆಯುವುದು ಒಳ್ಳೆಯದು. ಮೊಣಕಾಲನ್ನು 90 ಡಿಗ್ರಿ ಮಡಿಸಿ ಕುಳ್ಳಿರಿಸಿ, ತೊಡೆಯ ಮೇಲೆ ಅಲುಗದ ಅಡ್ಡಪಟ್ಟಿ ಬಿಗಿದು, ಮುಂಗಾಲಿನಿಂದ ಪ್ಲೇಟನ್ನು ಒತ್ತಿಸಿದರೆ ಸೋಲಿಯಸ್ ಸ್ನಾಯುವಿನ ಶಕ್ತಿ ತಿಳಿಯುತ್ತದೆ. ಓಡುವಾಗ ದೇಹತೂಕದ ಹಲವು ಪಟ್ಟು ಭಾರ ಹೊರುವ ಸ್ನಾಯು ಅದು. ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂತಹ ಕಡೆ ಇರುವ ಸೌಕರ್ಯ ನಮ್ಮ ಮಕ್ಕಳಿಗೆ ದಿನವೂ ಸಿಗುವಂಥದಲ್ಲ. ಹಾಗಾಗಿ ನಾನು ಹತ್ತಿ ಚೀಲ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿಯನ್ನು ಸೊಂಟದ ಬೆಲ್ಟಿಗೂ ನೆಲದ ಕೊಂಡಿಗೂ ನಡುವೆ ಸರಪಳಿಯಿಂದ ಕಟ್ಟಿ, ಒಂಟಿ ಕಾಲಿನಲ್ಲಿ ಮೇಲಕ್ಕೆ ಒತ್ತಿಸುತ್ತೇನೆ. ಅದು ದೇಹತೂಕ ಬಿಟ್ಟು ಎಳೆತವನ್ನಷ್ಟೇ ತೋರಿಸುತ್ತದೆ. ಬಲ ಏರುವ ವೇಗ ಮಾತ್ರ ತಿಳಿಯದು. ಬೇಸಿಗೆಯಲ್ಲಿ ಬೆಳಗಿನ ಏಳು ಗಂಟೆಯೊಳಗೆ ಮುಗಿಸುತ್ತೇನೆ. ದೂರದ ಓಟದ ಮರುದಿನ ಅಳೆಯುವುದೇ ಇಲ್ಲ.

ಕೊಪ್ಪಳದಿಂದ ಮತ್ತೆ:
ವಿಚಾರಿಸಿದೆ. ತೂಕ ಕಳೆದೇ ಲೆಕ್ಕ ಹಾಕಿದ್ದಾರೆ. ಆದರೆ ಬಲಗಾಲಿಗೆ ಮೂರು ಎಳೆತ, ಎಡಗಾಲಿಗೆ ಒಂದೇ. ಅಷ್ಟರಲ್ಲಿ ಕರೆಂಟ್ ಹೋಯಿತಂತೆ. ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ, ಈ ಸಲ ಎಡಗಾಲಿನಿಂದಲೇ ಆರಂಭಿಸಲು ಹೇಳಿದ್ದೇನೆ.