ಸನ್ನಾಯ್ ಮರುಯಾಮಾದಲ್ಲಿ ಅಸಲಿ ಎಷ್ಟು, ಮರುನಿರ್ಮಾಣ ಎಷ್ಟು?

ಪ್ರಶ್ನೆ:
ಜಪಾನಿನ ಅಓಮೊರಿಯಲ್ಲಿರುವ ಸನ್ನಾಯ್ ಮರುಯಾಮಾ ನೋಡಬೇಕು ಅಂತ ತುಂಬಾ ಆಸೆ ಇದೆ. ಜೋಮೊನ್ ಕಾಲದ, ಅಂದರೆ ಜಪಾನಿಗೆ ಭತ್ತದ ಬೇಸಾಯ ಬರುವುದಕ್ಕೂ ಮುಂಚಿನ ಕಾಲದ ದೊಡ್ಡ ಊರು. ಆದರೆ ಫೋಟೋದಲ್ಲಿ ಕಾಣುವ ಆರು ಕಂಬದ ಅಟ್ಟ, ಹುಲ್ಲಿನ ಮನೆಗಳು ಎಲ್ಲ ಈಚೆಗೆ ಕಟ್ಟಿದ್ದಂತೆ. ಹಾಗಾದರೆ ಹಳೆಯದು ಅಂತ ಅಲ್ಲಿ ಏನಿದೆ? ಟೋಕಿಯೋದಿಂದ ಬುಲೆಟ್ ರೈಲಿನಲ್ಲೇ ಮೂರು ಗಂಟೆಗೂ ಜಾಸ್ತಿ, ಅಷ್ಟು ದೂರ ಹೋಗಿ ಸಿನಿಮಾ ಸೆಟ್ ನೋಡಿ ಬಂದ ಹಾಗೆ ಆಗಬಾರದು ಅಲ್ವಾ?

ಉತ್ತರ 1:
ಖಂಡಿತ ಹೋಗಿ. ಕಟ್ಟಡಗಳು ಹೊಸದು, ನಿಜ, ಆದರೆ ಕಂಬ ನೆಟ್ಟಿದ್ದ ಗುಳಿಗಳು ಅಸಲಿ. ಬೇಸ್‌ಬಾಲ್ ಸ್ಟೇಡಿಯಂ ಕಟ್ಟುವ ಮುಂಚೆ ಪರೀಕ್ಷೆಗೆ ಅಂತ 1992ರಲ್ಲಿ ಅಗೆಯಲು ಶುರುಮಾಡಿದರು. 1994ರಲ್ಲಿ ಎರಡು ಸಾಲಿನಲ್ಲಿ ಆರು ಗುಳಿ ಸಿಕ್ಕಿದವು, ಒಂದೊಂದೂ ಸುಮಾರು 2 ಮೀಟರ್ ಅಗಲ, 2 ಮೀಟರ್ ಆಳ, ನಡುವಿನ ಅಂತರ ಎಲ್ಲ ಕಡೆ 4.2 ಮೀಟರ್. ಅಳತೆ ಇಲ್ಲದೆ ಹೀಗೆ ತೋಡಲು ಆಗುವುದೇ ಇಲ್ಲ! ತಳದಲ್ಲಿ ಸುಮಾರು ಒಂದು ಮೀಟರ್ ದಪ್ಪದ ಚೆಸ್ಟ್‌ನಟ್ (ತಿನ್ನುವ ಕಾಯಿ ಬಿಡುವ ಒಂದು ಮರ) ಕಂಬಗಳ ಬುಡ ಉಳಿದಿತ್ತು. ಕಂಬದ ಹೊರಮೈ ಸುಟ್ಟು ಹೂತಿದ್ದರು, ಜೊತೆಗೆ ಗುಳಿಯಲ್ಲಿ ನೀರೂ ನಿಂತಿತ್ತು, ಅದಕ್ಕೇ ಕೊಳೆತುಹೋಗಲಿಲ್ಲ. ಆಗಲೇ ಶುರುವಾಗಿದ್ದ ಸ್ಟೇಡಿಯಂ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ನನಗೆ ಅತಿ ದೊಡ್ಡದು ಅನಿಸುವುದು ಆ ನಿರ್ಧಾರವೇ.

ಉತ್ತರ 2:
ಮೇಲಿನ ಮಾತು ಸರಿ. ಆ ಕಂಬಗಳ ಮೇಲೆ ಏನಿತ್ತು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಈಗಿನ ಅಟ್ಟಕ್ಕೆ ಮೂರು ಅಂತಸ್ತು ಇದೆ, ಛಾವಣಿ ಇಲ್ಲ, ಅಂದರೆ ಅದನ್ನು ಒಂದು ಊಹೆ ಅಂತ ನೋಡಬೇಕು ಅಷ್ಟೆ. ಇದನ್ನು ಕಟ್ಟಲು ಅಷ್ಟು ದಪ್ಪದ ಚೆಸ್ಟ್‌ನಟ್ ಮರಗಳನ್ನು ರಷ್ಯಾದಿಂದ ತರಿಸಬೇಕಾಯಿತು. ನೀವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದಿಬ್ಬಗಳ ಹತ್ತಿರ. ಸುಮಾರು ಸಾವಿರ ವರ್ಷ ಜನ ಮಡಕೆ ಚೂರು, ಕಲ್ಲಿನ ಉಪಕರಣ, ಮಣ್ಣು ಎಲ್ಲ ಅಲ್ಲೇ ಸುರಿದು ಸುರಿದು ಬೆಳೆದದ್ದು. ಅದನ್ನು ಯಾರೂ ಊಹಿಸಿ ಕಟ್ಟಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ. ಇನ್ನೊಂದು ವಿಷಯ. ಭತ್ತ ಬೆಳೆಯದ ಜನ ಅಷ್ಟು ವರ್ಷ ಒಂದೇ ಕಡೆ ಹೇಗೆ ಇದ್ದರು?

ಉತ್ತರ 3:
ಚೆಸ್ಟ್‌ನಟ್, ಅದೇ ಮುಖ್ಯ ಕಾರಣ. ಅಲ್ಲಿ ಸಿಕ್ಕ ಕಾಯಿಗಳ ಡಿಎನ್‌ಎ ಕಾಡಿನವುಗಳಿಗಿಂತ ಹೆಚ್ಚು ಒಂದೇ ತರಹ ಇದೆ, ಹಾಗಾಗಿ ಊರಿನ ಸುತ್ತ ಮರಗಳನ್ನು ಆರಿಸಿ ಬೆಳೆಸುತ್ತಿದ್ದರು ಅಂತ ತಿಳಿಯುತ್ತಾರೆ. ಜೊತೆಗೆ ಸಮುದ್ರದ ಮೀನು, ಮೊಲ, ಹಾರುವ ಅಳಿಲು. ಹೀಗೆ ಸುಮಾರು 5900 ವರ್ಷ ಹಿಂದಿನಿಂದ 4200 ವರ್ಷ ಹಿಂದಿನವರೆಗೆ ಊರು ಬಾಳಿತು. ಬೇಸಾಯ ಬಂದಮೇಲೇ ಜನ ಒಂದು ಕಡೆ ನೆಲೆಸಿದರು ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಈ ಊರು ಆ ಸಾಲಿಗೆ ಸೇರುವುದಿಲ್ಲ. ಇವರು ಮೂಲೆಯಲ್ಲಿ ಕೂತವರೂ ಅಲ್ಲ, ದೂರದ ಇತೊಇಗಾವಾದ ಜೇಡ್ ಕಲ್ಲು ಇಲ್ಲಿಗೆ ಬಂದಿದೆ. ಮ್ಯೂಸಿಯಂನಲ್ಲಿ ಮರದ ತೊಗಟೆಯಿಂದ ಹೆಣೆದ ಪುಟ್ಟ ಚೀಲ ಇದೆ, ಸಿಕ್ಕಾಗ ಒಳಗೆ ಅಕ್ರೋಟಿನ ಚಿಪ್ಪು ಇತ್ತು, ಅದನ್ನು ಮಾತ್ರ ತಪ್ಪಿಸಬೇಡಿ.

ಉತ್ತರ 1:
ಶಿನ್-ಅಓಮೊರಿ ಸ್ಟೇಷನ್‌ನಿಂದ ಬಸ್ ಇದೆ. ಚಳಿಗಾಲದಲ್ಲಿ ಅಲ್ಲಿ ವಿಪರೀತ ಹಿಮ, ಬಯಲಿನ ಭಾಗ ನೋಡುವುದು ಕಷ್ಟ. ಬೇಸಿಗೆಗೋ ಅಕ್ಟೋಬರ್‌ಗೋ ಟಿಕೆಟ್ ಮಾಡಿಸಿ.