ಓವರ್‌ಟೇಕ್‌ಗೆ ತುಳಿದ್ರೆ ಅರೆಕ್ಷಣ ಎಳೆಯೋದೇ ಇಲ್ಲ, ಬೆಟ್ಟದಲ್ಲಿ ನಡುಗುತ್ತೆ

ಸರಸ್ವತಿಪುರಂ_ಟರ್ಬೊ:
ನನ್ನ ಕಾರು ಟರ್ಬೊ ಪೆಟ್ರೋಲ್, ಆಟೋಮ್ಯಾಟಿಕ್. ಮಂಡ್ಯ–ಕೆ.ಆರ್. ಪೇಟೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ದಾಟೋಕೆ ಪೂರ್ತಿ ತುಳಿದ್ರೂ ಮೊದಲು ಏನೂ ಇಲ್ಲ, ಆಮೇಲೆ ದಬಕ್ಕಂತ ನುಗ್ಗುತ್ತೆ. ಎದುರಿಗೆ ಬಸ್ ಇದ್ರೆ ಗತಿ ಏನು? ಭಾನುವಾರ ಚಾಮುಂಡಿ ಬೆಟ್ಟದ ಟ್ರಾಫಿಕ್‌ನಲ್ಲಿ ಗಡಗಡ ನಡುಗುತ್ತೆ. ಸರ್ವೀಸ್‌ನಲ್ಲಿ ‘ನಾರ್ಮಲ್’ ಅಂತ ವಾಪಸ್ ಕಳಿಸ್ತಾರೆ. ಸಾಕಾಗಿದೆ.

ಮಂಡ್ಯ_ಪಿಸ್ಟನ್:
ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡೋದು) ಕಣಣ್ಣ. ನಾಲ್ಕೂ ಪ್ಲಗ್ ಬಿಚ್ಚಿ ಕಿಡಿ ಹಾರೋ ಗ್ಯಾಪ್ ನೋಡಿ.

ಗೇರ್_ಕುವೆಂಪುನಗರ:
ಆಟೋಮ್ಯಾಟಿಕ್ ಅಂದ್ರೆ ಯಾವುದು ಸಾರ್? ಎಣ್ಣೆ ಮೂಲಕ ಶಕ್ತಿ ದಾಟಿಸೋ ಟಾರ್ಕ್ ಕನ್ವರ್ಟರಾ, ಬೆಲ್ಟ್ ಮೇಲೆ ಓಡೋ ಸಿವಿಟಿನಾ, ಬೆಸ ಗೇರಿಗೊಂದು ಸಮ ಗೇರಿಗೊಂದು ಕ್ಲಚ್ ಇರೋ ಡ್ಯುಯಲ್ ಕ್ಲಚ್ಚಾ? ಒಂದೊಂದರ ಕಾಯಿಲೆ ಒಂದೊಂದು.

ಸರಸ್ವತಿಪುರಂ_ಟರ್ಬೊ:
7 ಗೇರ್ ಡ್ಯುಯಲ್ ಕ್ಲಚ್, ಒಣ ಕ್ಲಚ್.

ಗೇರ್_ಕುವೆಂಪುನಗರ:
ಹಾಗಾದ್ರೆ ಇವು ಎರಡು ಬೇರೆ ಬೇರೆ ತೊಂದರೆ. 45ರಲ್ಲಿ ಹೋಗುವಾಗ ಡಿ (ಡ್ರೈವ್) ಮೋಡ್ ಮೈಲೇಜ್‌ಗೋಸ್ಕರ 5ನೇ ಗೇರ್ ಹಿಡಿದು, 6ನ್ನ ಸಿದ್ಧ ಇಟ್ಟಿರುತ್ತೆ. ತುಳಿದಾಗ ಬೇಕಾಗೋದು 3. ಬೆಸ ಗೇರೆಲ್ಲ ಒಂದೇ ಕ್ಲಚ್‌ನಲ್ಲಿರೋದ್ರಿಂದ 5ರಿಂದ 3ಕ್ಕೆ ಜಾರಿಸೋಕೆ ಆಗಲ್ಲ, ನಡುವೆ 4 ಹಿಡೀಬೇಕು. ಮೇಲಿಂದ ಟರ್ಬೊ ಗಾಳಿ ಒತ್ತಡ ತುಂಬೋ ಹೊತ್ತು. ದಾಟೋಕೆ ಮುಂಚೆಯೇ ಸ್ಟೀರಿಂಗ್ ಹಿಂದಿನ ಎಡ ಪ್ಯಾಡಲ್ ಎರಡು ಸಲ ಎಳೆದು 3ಕ್ಕೆ ತನ್ನಿ, ಇಲ್ಲಾ ಎಸ್ (ಸ್ಪೋರ್ಟ್) ಮೋಡ್ ಹಾಕಿ.
ನಡುಕ ಮಾತ್ರ ಕ್ಲಚ್ಚಿಂದು. ಬೆಟ್ಟದಲ್ಲಿ ಆಕ್ಸಲರೇಟರ್ ಮೇಲೆ ಗಾಡಿ ನಿಲ್ಲಿಸಿದ್ರೆ ಒಣ ಪ್ಲೇಟ್ ಬಿಸಿಯಾಗುತ್ತೆ, ತಂಪು ಮಾಡೋಕೆ ಎಣ್ಣೆ ಇಲ್ಲ. ಬ್ರೇಕ್ ಹಿಡಿದಿರಿ, ಮುಂದೆ ಎರಡು ಕಾರಿನಷ್ಟು ಜಾಗ ಆದ ಮೇಲೇ ಬಿಡಿ.

ಮಂಡ್ಯ_ಪಿಸ್ಟನ್:
ಕಾಯಿಲ್ ಹೋದ್ರೂ ನಡುಗುತ್ತೆ. ಅದನ್ನ ಮೊದಲು ನೋಡಿ.

ಗೇರ್_ಕುವೆಂಪುನಗರ:
ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಮ್ಯಾನುಯಲ್ ಮೋಡ್, 4ನೇ ಗೇರ್, 2,000 ಆರ್‌ಪಿಎಂನಿಂದ ಪೂರ್ತಿ ತುಳೀರಿ. ಗೇರ್ 4ರಲ್ಲೇ ಇದ್ದೂ ಆರ್‌ಪಿಎಂ ಮುಳ್ಳು ಹಾರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ. ಎರಡೂ ಒಟ್ಟಿಗೆ ಏರ್ತಾ ಜಗ್ಗಿದ್ರೆ ಪಿಸ್ಟನ್ ಹೇಳಿದ ಕಾಯಿಲ್.

ಹೆಬ್ಬಾಳ_ಮ್ಯಾನುಯಲ್:
ಈ ತಲೆನೋವೇ ಬೇಡ, 6 ಗೇರ್ ಮ್ಯಾನುಯಲ್ ತೊಗೊಳ್ಳಿ. ನನ್ನದರಲ್ಲಿ ಶಾರ್ಟ್ ಶಿಫ್ಟರ್ (ಕಮ್ಮಿ ದೂರ ಓಡೋ ಗೇರ್ ಕೋಲು), ಹಗುರ ಫ್ಲೈವೀಲ್ (ಎಂಜಿನ್ ಜೊತೆ ತಿರುಗೋ ಭಾರದ ಚಕ್ರ), ಗೇರ್ ಬೆಣ್ಣೆ ಥರ ಬೀಳುತ್ತೆ.

ಟಿಸಿ_ವಿಜಯನಗರ:
ಹಗುರ ಫ್ಲೈವೀಲ್ ಹಾಕಿ ಬೆಟ್ಟದ ಟ್ರಾಫಿಕ್‌ನಲ್ಲಿ ಓಡಿಸೋದು ಸುಖ ಅಲ್ಲ ಬಿಡಿ, ಗಳಿಗೆಗೊಮ್ಮೆ ಆಫ್ ಆಗುತ್ತೆ. ಅಲ್ಲಿಗೆ ಟಾರ್ಕ್ ಕನ್ವರ್ಟರೇ ಸರಿ. ನಿಂತಲ್ಲಿಂದ ಹೊರಡುವಾಗ ಎಂಜಿನ್ ಟಾರ್ಕನ್ನ (ತಿರುಗಿಸೋ ಬಲ) ಸುಮಾರು ಎರಡು ಪಟ್ಟು ಮಾಡಿ ಕೊಡುತ್ತೆ, ಜಾರೋ ಕೆಲಸ ಎಣ್ಣೆದು.

ಹೆಬ್ಬಾಳ_ಮ್ಯಾನುಯಲ್:
ಎಣ್ಣೆ ಜಾರಿದಷ್ಟೂ ಪೆಟ್ರೋಲ್ ದಂಡ.

ಟಿಸಿ_ವಿಜಯನಗರ:
ಓಡುವಾಗ ಆ ಜಾರಾಟ ನಿಲ್ಲಿಸೋ ಲಾಕಪ್ ಕ್ಲಚ್ ಇರೋದು ಯಾಕೆ ಮತ್ತೆ?

ಸರಸ್ವತಿಪುರಂ_ಟರ್ಬೊ:
ಪರೀಕ್ಷೆ ಮಾಡಿದೆ. ಮುಳ್ಳು 3,000 ದಾಟ್ತು, ವೇಗ ಅಲ್ಲೇ. ಆರು ತಿಂಗಳ ಹಿಂದೆ ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸೋದು) ಮಾಡಿಸಿದ್ದೆ, ಅದಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧ ಇದ್ಯಾ?

ಗೇರ್_ಕುವೆಂಪುನಗರ:
ಇದನ್ನ ಮೊದಲೇ ಹೇಳ್ಬೇಕಿತ್ತು ಸಾರ್! ಒಣ ಕ್ಲಚ್ ಪೆಟ್ಟಿಗೆಗೆ ಟಾರ್ಕ್ ಮಿತಿ ಇದೆ. ಫೋಕ್ಸ್‌ವ್ಯಾಗನ್‌ನ 7 ಗೇರ್ ಪೆಟ್ಟಿಗೆ ಡಿಕ್ಯೂ 200 ಆದ್ರೆ 250 ಎನ್‌ಎಂ. ರೀಮ್ಯಾಪ್ ಮಾಡಿದವರು ಎಷ್ಟಕ್ಕೆ ಏರಿಸಿದ್ದಾರೆ? ಮೊದಲು ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ವಾಪಸ್ ಹಾಕಿಸಿ, ಸ್ಕ್ಯಾನರ್‌ನಲ್ಲಿ ಕ್ಲಚ್ ಅಡಾಪ್ಟೇಶನ್ (ಕ್ಲಚ್ ಹಿಡಿಯೋ ಜಾಗ ಮತ್ತೆ ಕಲಿಸೋದು) ಮಾಡಿಸಿ, ಇದೇ ಪರೀಕ್ಷೆ ಮತ್ತೆ ಮಾಡಿ. ಆಗ್ಲೂ ಜಾರಿದ್ರೆ ಪ್ಲೇಟ್ ಸುಟ್ಟಿದೆ, ಕ್ಲಚ್ ಸೆಟ್ ಬದಲಾಯಿಸದೆ ದಾರಿ ಇಲ್ಲ.

ಮಂಡ್ಯ_ಪಿಸ್ಟನ್:
ರೀಮ್ಯಾಪ್ ಆಗಿದ್ರೆ ಪ್ಲಗ್ ಗ್ಯಾಪ್ ಕಮ್ಮಿ ಮಾಡ್ಬೇಕು. ಅದೂ ನೋಡ್ಕೊಳ್ಳಿ.