ನಿಯಮದ ಮಾತು ಅಸ್ಪಷ್ಟವಾದರೆ ಲಾಭ ಯಾರಿಗೆ? ಫಾರ್ಮುಲಾ ಒನ್ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್ 7ರ ಸಂಜೆ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಸಾಗಿದ್ದಾಗ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನೂ ನಾನೂ ಚಪ್ಪರದ ಕಂಬಕ್ಕೆ ಮೊಬೈಲ್ ಒರಗಿಸಿಟ್ಟು ಅಬುಧಾಬಿಯ ಫಾರ್ಮುಲಾ ಒನ್ ಕಾರ್ ರೇಸ್ ನೋಡಿದೆವು. ವೆರ್‌ಸ್ಟಾಪೆನ್ ರೇಸ್ ಗೆದ್ದರೂ, ಮೂರನೆಯವರಾಗಿ ಬಂದ ಲ್ಯಾಂಡೊ ನಾರಿಸ್ ವರ್ಷದಲ್ಲಿ ಒಟ್ಟು 423 ಅಂಕ ಗಳಿಸಿ ಬರೀ 2 ಅಂಕಗಳ ಅಂತರದಲ್ಲಿ ಚಾಂಪಿಯನ್ ಆದರು. ಅದರ ಬಗ್ಗೆ ನಮಗೆ ತಕರಾರಿಲ್ಲ. ತಕರಾರು ಹುಟ್ಟಿದ್ದು ಅದೇ ಟ್ರ್ಯಾಕಿನಲ್ಲಿ 2021ರ ಡಿಸೆಂಬರ್ 12ರಂದು ನಡೆದ ಕೊನೆಯ ಸುತ್ತಿನ ನೆನಪು ತೆಗೆದಾಗ. ಅಂದು ರೇಸ್ ನಿರ್ದೇಶಕರ ಒಂದು ತೀರ್ಮಾನದ ನಂತರ ವೆರ್‌ಸ್ಟಾಪೆನ್ ಆ ಸುತ್ತಿನಲ್ಲಿ ಹ್ಯಾಮಿಲ್ಟನ್‌ರನ್ನು ಹಿಂದಿಕ್ಕಿ ಚಾಂಪಿಯನ್ ಆಗಿದ್ದರು.

"ಮಾವ, ರೇಸ್ ನಿರ್ದೇಶಕರಿಗೆ ಅಧಿಕಾರವಿದೆ ಎಂದು ನಿಯಮದ ಪುಸ್ತಕದಲ್ಲೇ ಬರೆದಿತ್ತು, ಅವರು ಅದನ್ನು ಬಳಸಿದರು, ಅಷ್ಟೆ" ಎಂಬುದು ಅವನ ವಾದ. ಪುಸ್ತಕದಲ್ಲಿ ಹೇಳಿದ ಕ್ರಮವನ್ನು ಅರ್ಧ ಪಾಲಿಸಿ ಅರ್ಧ ಕೈಬಿಡುವುದಕ್ಕೆ ಅಧಿಕಾರ ಎನ್ನಲಾಗದು ಎಂಬುದು ನನ್ನದು. ಮಾತು ಅಲ್ಲಿಂದ ಹೊಸಬರ ಕಡೆಗೆ ತಿರುಗಿತು. 2025ರಲ್ಲಿ ಲಿಯಾಮ್ ಲಾಸನ್‌ರನ್ನು ರೆಡ್‌ಬುಲ್ ತಂಡ ಎರಡೇ ರೇಸ್‌ಗಳ ನಂತರ ಕೆಳಗಿಳಿಸಿತು. ಜ್ಯಾಕ್ ಡೂಹನ್‌ಗೆ ಆಲ್ಪೀನ್ ತಂಡದಲ್ಲಿ ಆರು ರೇಸ್ ಸಿಕ್ಕವು. ಹೀಗಿರುವಾಗ ನನ್ನ ಪ್ರಶ್ನೆ ಒಂದೇ: ನಿಯಮವನ್ನು ಎರಡು ಬಗೆಯಲ್ಲಿ ಓದಲು ಅವಕಾಶವಿದ್ದಾಗ ಲಾಭವಾಗುವುದು ಯಾರಿಗೆ? ಹೆಸರು ಮಾಡಿದ ಹಳಬರಿಗೋ, ದೊಡ್ಡ ತಂಡಕ್ಕೋ, ಅಥವಾ ಕೆಲವೊಮ್ಮೆಯಾದರೂ ಹೊಸಬನಿಗೋ? ಬೆಲೆ ತೆರುವವನು ಯಾವಾಗಲೂ ಹೊಸಬನೇ ಎಂಬುದು ನನ್ನ ಗುಮಾನಿ. ನೆಚ್ಚಿನ ಚಾಲಕರ ಪರ ವಕಾಲತ್ತು ಬದಿಗಿಟ್ಟು, ನಡೆದ ಪ್ರಸಂಗಗಳನ್ನು ಮುಂದಿಟ್ಟು ಉತ್ತರಿಸಬೇಕಾಗಿ ವಿನಂತಿ.

ಉತ್ತರ 1: ಹಳೆಯ ವಕೀಲ, ಶಿವಮೊಗ್ಗ

ವಕಾಲತ್ತು ಬೇಡವೆಂದಿದ್ದೀರಿ, ಮೂವತ್ತು ವರ್ಷ ಅದನ್ನೇ ಮಾಡಿದವನು ನಾನು, ಆದರೂ ಪ್ರಯತ್ನಿಸುತ್ತೇನೆ.

ನಿಮ್ಮ ಅಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ದಿನ ಹ್ಯಾಮಿಲ್ಟನ್, ವೆರ್‌ಸ್ಟಾಪೆನ್ ಇಬ್ಬರೂ ತಲಾ 369.5 ಅಂಕಗಳೊಂದಿಗೆ ಅಬುಧಾಬಿಗೆ ಬಂದಿದ್ದರು. ಆ ಅರ್ಧ ಅಂಕವೇ ಒಂದು ವಿವಾದದ ಕೂಸು: ಬೆಲ್ಜಿಯಂನಲ್ಲಿ ಮಳೆಯಿಂದಾಗಿ ಅಪಾಯವಿದ್ದಾಗ ಎಲ್ಲರ ಮುಂದೆ ನಿಧಾನವಾಗಿ ಓಡುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಓಡಿಸಿ, ಅದನ್ನೇ ರೇಸ್ ಎಂದು ಕರೆದು ಅರ್ಧ ಅಂಕ ಹಂಚಿದ್ದರು. ಅಬುಧಾಬಿಯ 58 ಸುತ್ತುಗಳಲ್ಲಿ 53ನೆಯ ಸುತ್ತಿನ ಹೊತ್ತಿಗೆ ಲತೀಫಿ ಎಂಬ ಚಾಲಕ ಗೋಡೆಗೆ ಗುದ್ದಿಕೊಂಡರು, ಸೇಫ್ಟಿ ಕಾರ್ ಬಂತು. ಮುಂದಿದ್ದ ಹ್ಯಾಮಿಲ್ಟನ್ 14ನೆಯ ಸುತ್ತಿನಲ್ಲಿ ಹಾಕಿಸಿದ ಟೈರುಗಳಲ್ಲೇ ಇದ್ದರು. ವೆರ್‌ಸ್ಟಾಪೆನ್ ಒಳಗೆ ಹೋಗಿ ಹೆಚ್ಚು ವೇಗ ಕೊಡುವ ಹೊಸ ಮೃದು ಟೈರು ಹಾಕಿಸಿಕೊಂಡು ಬಂದರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ಇಂಥ ಕಾರುಗಳಿಗೆ ಸೇಫ್ಟಿ ಕಾರನ್ನು ದಾಟಿ ಮುಂದೆ ಹೋಗಲು ಅನುಮತಿ ಇಲ್ಲ ಎಂದು ಮೊದಲು ಸೂಚನೆ ಹೊರಟಿತು. ಆಮೇಲೆ ಆ ಐದಕ್ಕೆ ಮಾತ್ರ ಅನುಮತಿ ಸಿಕ್ಕಿತು. ಅದೇ ಸುತ್ತಿನ ಕೊನೆಗೆ ಸೇಫ್ಟಿ ಕಾರನ್ನು ಒಳಗೆ ಕರೆದು, ಕಡೆಯ ಒಂದು ಸುತ್ತು ರೇಸ್ ನಡೆಸಿದರು.

ನಿಯಮದ 48.12ನೆಯ ವಿಧಿಯ ಪ್ರಕಾರ, ಕೊನೆಯ ಕಾರು ಮುಂದೆ ಹೋದ ಮೇಲೆ ಸೇಫ್ಟಿ ಕಾರ್ ಮರಳಬೇಕಾದದ್ದು ಅದರ ಮುಂದಿನ ಸುತ್ತಿನ ಅಂತ್ಯಕ್ಕೆ. ಹಾಗೆ ಮಾಡಿದ್ದರೆ ರೇಸ್ ಸೇಫ್ಟಿ ಕಾರಿನ ಹಿಂದೆಯೇ ಮುಗಿಯುತ್ತಿತ್ತು. ಹ್ಯಾಮಿಲ್ಟನ್‌ರ ತಂಡ ಮರ್ಸಿಡಿಸ್ ಹಿಡಿದದ್ದು ಇದನ್ನು. ವೆರ್‌ಸ್ಟಾಪೆನ್‌ರ ತಂಡ ರೆಡ್‌ಬುಲ್ ಹಿಡಿದದ್ದು ಒಂದೇ ಒಂದು ಪದವನ್ನು: ಇಂಗ್ಲಿಷ್ ಪಾಠದಲ್ಲಿ ಒಂದು ಸುತ್ತು ಹಿಂದಿರುವ 'ಎನಿ' ಕಾರುಗಳು ಎಂದಿದೆ, 'ಆಲ್' ಎಂದಿಲ್ಲ, ಆದ್ದರಿಂದ ಕೆಲವನ್ನು ಮಾತ್ರ ಬಿಟ್ಟರೂ ತಪ್ಪಿಲ್ಲ ಎಂದು. ತಾಳಮದ್ದಲೆಯಲ್ಲಿ ಎದುರಾಳಿಯ ಬಾಯಿಂದ ಜಾರಿದ ಒಂದು ಪದವನ್ನು ಹಿಡಿದು ಅರ್ಧ ಗಂಟೆ ಎಳೆಯುವ ಅರ್ಥಧಾರಿಗಳನ್ನು ನಾವೆಲ್ಲ ಕಂಡಿದ್ದೇವೆ. ಈ ವಾದವನ್ನು ಕೇಳಿದ್ದರೆ ಅವರೂ ತಲೆದೂಗುತ್ತಿದ್ದರು. ಇದೇ ವಿಧಿಯನ್ನು ಕನ್ನಡದಲ್ಲಿ ಬರೆಯಲು ಕುಳಿತವನು 'ಯಾವುದಾದರೂ' ಎನ್ನಬೇಕೋ 'ಎಲ್ಲ' ಎನ್ನಬೇಕೋ ಎಂಬುದನ್ನು ಕರಡಿನಲ್ಲೇ ತೀರ್ಮಾನಿಸಬೇಕಾಗುತ್ತಿತ್ತು, ಆ ನುಸುಳುದಾರಿ ಅವನಿಗೆ ಸಿಗುತ್ತಿರಲಿಲ್ಲ.

ರೇಸ್‌ನ ತೀರ್ಪುಗಾರರಾದ ಸ್ಟೀವರ್ಡ್‌ಗಳು, ಸೇಫ್ಟಿ ಕಾರಿನ ಬಳಕೆಯ ಮೇಲೆ ನಿರ್ದೇಶಕರಿಗೆ ಅಧಿಕಾರ ಕೊಡುವ 15.3ನೆಯ ವಿಧಿಯನ್ನೂ ಮುಂದಿಟ್ಟುಕೊಂಡು ಮರ್ಸಿಡಿಸ್‌ನ ದೂರನ್ನು ತಳ್ಳಿಹಾಕಿದರು. ಆದರೆ 2022ರ ಮಾರ್ಚ್‌ನಲ್ಲಿ ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ತನ್ನ ವರದಿಯಲ್ಲಿ ಎಲ್ಲ ಕಾರುಗಳನ್ನು ಬಿಡದಿದ್ದದ್ದು ಮನುಷ್ಯಸಹಜ ತಪ್ಪು ಎಂದು ಒಪ್ಪಿಕೊಂಡಿತು, ಫಲಿತಾಂಶವನ್ನು ಹಾಗೆಯೇ ಉಳಿಸಿತು, ಮತ್ತು ನಿಯಮದಲ್ಲಿನ 'ಎನಿ'ಯನ್ನು 'ಆಲ್' ಎಂದು ತಿದ್ದಿತು. ಅದಾಗಲೇ ಫೆಬ್ರುವರಿಯಲ್ಲಿ ನಿರ್ದೇಶಕ ಮೈಕೆಲ್ ಮಾಸಿಯವರನ್ನು ಆ ಹುದ್ದೆಯಿಂದ ಬಿಡಿಸಿದ್ದರು. ಅರ್ಥ ಸ್ಪಷ್ಟವಿದ್ದ ಪದವನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಈ ಗದ್ದಲದಲ್ಲಿ ಎಲ್ಲರೂ ಮರೆತದ್ದು ಮೂರನೆಯ ಸ್ಥಾನದಲ್ಲಿದ್ದ ಕಾರ್ಲೋಸ್ ಸೈಂಜ್‌ರನ್ನು. ಅವರ ಮುಂದಿದ್ದ, ಒಂದು ಸುತ್ತು ಹಿಂದುಳಿದ ಕಾರುಗಳನ್ನು ತೆರವು ಮಾಡಲೇ ಇಲ್ಲ. ವೆರ್‌ಸ್ಟಾಪೆನ್‌ಗೆ ಹಿಂದಿನಿಂದ ಸವಾಲೇ ಇಲ್ಲದಂತಾಯಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲಿದೆ: ಅಸ್ಪಷ್ಟ ನಿಯಮವು ಹೋರಾಟದ ನಡುಮಧ್ಯೆ ಇರುವ ಇಬ್ಬರನ್ನೇ ನೋಡುತ್ತದೆ, ಉಳಿದವರು ಹಳಬರಾದರೂ ಹೊಸಬರಾದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ಉತ್ತರ 2: ಘಾಟಿ ತಿರುವು, ಕೊಪ್ಪ

ವಕೀಲರ ವಿವರಣೆ ಚೆನ್ನಾಗಿದೆ, ಆದರೆ ಹೊಸಬರ ವಿಷಯವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆದ ರ‍್ಯಾಲಿಗಳಲ್ಲಿ ನಾನು ಕೆಲವು ವರ್ಷ ಸ್ವಯಂಸೇವಕನಾಗಿ ಬಾವುಟ ಹಿಡಿದು ನಿಂತಿದ್ದೇನೆ. ರ‍್ಯಾಲಿಯಲ್ಲಿ ಹೊಸಬನಿಗೂ ಮುಂಚಿತವಾಗಿ ದಾರಿ ನೋಡಿ, ತಿರುವುಗಳ ಟಿಪ್ಪಣಿ ಬರೆದುಕೊಳ್ಳುವ ಅವಕಾಶವಿದೆ. ಫಾರ್ಮುಲಾ ಒನ್‌ನಲ್ಲಿ ಆ ವರ್ಷದ ಕಾರನ್ನು ಮುಟ್ಟಲು ಸಿಗುವ ಅವಕಾಶವೇ ಬಹಳ ಕಡಿಮೆ. 2025ರಲ್ಲಿ ಋತುವಿಗೆ ಮುನ್ನ ಬಹರೇನ್‌ನಲ್ಲಿ ಮೂರು ದಿನಗಳ ಪರೀಕ್ಷಾ ಓಟವಿತ್ತು, ತಂಡಕ್ಕೆ ಒಂದೇ ಕಾರು. ಎಂದರೆ ಒಬ್ಬ ಚಾಲಕನ ಪಾಲಿಗೆ ಸುಮಾರು ಒಂದೂವರೆ ದಿನ.

ಲಾಸನ್‌ರ ಎರಡು ರೇಸ್‌ಗಳನ್ನು ಈ ಲೆಕ್ಕದಲ್ಲಿ ನೋಡಿ. ಮೆಲ್ಬರ್ನ್ ಮತ್ತು ಶಾಂಘೈ ಟ್ರ್ಯಾಕುಗಳಲ್ಲಿ ಅವರು ಹಿಂದೆ ಫಾರ್ಮುಲಾ ಒನ್ ರೇಸ್ ಓಡಿಸಿದವರಲ್ಲ. ಮೆಲ್ಬರ್ನ್‌ನಲ್ಲಿ ಕಾರಿನ ತೊಂದರೆಯಿಂದ ಒಂದು ಅಭ್ಯಾಸದ ಅವಧಿಯೇ ಕೈತಪ್ಪಿತು, ಅರ್ಹತಾ ಸುತ್ತಿನಲ್ಲಿ 18ನೆಯವರಾದರು, ಶಾಂಘೈಯ ಅರ್ಹತಾ ಸುತ್ತಿನಲ್ಲಿ ಕೊನೆಯವರಾದರು. ಅಲ್ಲಿಗೆ ತೀರ್ಪು ಬಂದುಬಿಟ್ಟಿತು. ಅವರ ಜಾಗಕ್ಕೆ ಬಂದ ಸುನೋಡಾ ಹೊಸಬರಲ್ಲ, ಐದನೆಯ ವರ್ಷದ ಚಾಲಕ. ಅವರೂ ಆ ಕಾರಿನಲ್ಲಿ ಬೆವರಿದರು. ಅಂದಮೇಲೆ ಹೊಸತನವೊಂದೇ ದೋಷವಾಗಿರಲಿಲ್ಲ ಎಂದಾಯಿತಲ್ಲ! ಒಬ್ಬ ಚಾಲಕನ ಕೈಗೆ ಹೊಂದುವಂತೆ ರೂಪುಗೊಂಡ ಕಾರನ್ನು ಇನ್ನೊಬ್ಬನಿಗೆ ಕೊಟ್ಟು ಅದೇ ವೇಗ ಕೇಳುವ ತಂಡದ ಕ್ರಮವನ್ನೇ ನಾನು ಪ್ರಶ್ನಿಸುತ್ತೇನೆ.

ಅದೇ ಮೆಲ್ಬರ್ನ್‌ನಲ್ಲಿ ಇನ್ನಿಬ್ಬರು ಹೊಸಬರ ಕತೆ ನೋಡಿ. ಇಸಾಕ್ ಹಜಾರ್ ಒದ್ದೆ ಟ್ರ್ಯಾಕಿನಲ್ಲಿ, ರೇಸ್ ಆರಂಭಕ್ಕೆ ಮುನ್ನಿನ ಸುತ್ತಿನಲ್ಲೇ, ಕಾರನ್ನು ಗೋಡೆಗೆ ಗುದ್ದಿ ಅಳುತ್ತ ನಡೆದು ಬಂದರು. ಹ್ಯಾಮಿಲ್ಟನ್‌ರ ತಂದೆ ಅವರ ಹೆಗಲ ಮೇಲೆ ಕೈಹಾಕಿ ಸಮಾಧಾನ ಮಾಡಿದ ದೃಶ್ಯ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದಿತ್ತು. ಮರ್ಸಿಡಿಸ್‌ನ 18 ವರ್ಷದ ಕಿಮಿ ಆಂಟೊನೆಲ್ಲಿ 16ನೆಯ ಸ್ಥಾನದಿಂದ ಹೊರಟು ನಾಲ್ಕನೆಯವರಾಗಿ ಬಂದರು. ಟೈರು ಬದಲಿಸುವ ಜಾಗವಾದ ಪಿಟ್‌ನಿಂದ ಅಪಾಯಕಾರಿಯಾಗಿ ಹೊರಟರೆಂದು ಅವರಿಗೆ 5 ಸೆಕೆಂಡ್ ದಂಡ ಬಿತ್ತು, ಒಂದು ಸ್ಥಾನ ಕೆಳಗಿಳಿದರು. ತಂಡ ಕೂಡಲೇ ಮರುಪರಿಶೀಲನೆಗೆ ಅರ್ಜಿ ಹಾಕಿ, ಹೊಸ ಕೋನದ ದೃಶ್ಯಗಳನ್ನು ಒದಗಿಸಿ ದಂಡವನ್ನು ರದ್ದು ಮಾಡಿಸಿತು. ನಾಲ್ಕನೆಯ ಸ್ಥಾನ ಮರಳಿ ಬಂತು.

ಆದ್ದರಿಂದ ತೋಟದಮನೆಯವರ ಗುಮಾನಿಯನ್ನು ನಾನು ಹೀಗೆ ತಿದ್ದುತ್ತೇನೆ: ನಿಯಮದ ಗೊಂದಲದಲ್ಲಿ ಸೋಲುವವನು ಹೊಸಬನಲ್ಲ, ಬೆನ್ನಿಗೆ ತಂಡ ನಿಲ್ಲದ ಹೊಸಬ. ಆಂಟೊನೆಲ್ಲಿಗೆ ಮರ್ಸಿಡಿಸ್ ಹಿಂದಿನ ವರ್ಷವೇ ಹಳೆಯ ಕಾರುಗಳಲ್ಲಿ ಬೇಕಾದಷ್ಟು ಓಡಿಸಿ ಕೈ ಪಳಗಿಸಿತ್ತು. ಹಜಾರ್‌ರನ್ನೂ ರೇಸಿಂಗ್ ಬುಲ್ಸ್ ತಂಡ ಆ ಒಂದು ತಪ್ಪಿಗೆ ಕೈಬಿಡಲಿಲ್ಲ. ಅವರು ಆಗಸ್ಟ್‌ನಲ್ಲಿ ಜಾಂಡ್‌ವೋರ್ಟ್‌ನಲ್ಲಿ ಮೂರನೆಯವರಾಗಿ ವೇದಿಕೆ ಏರಿದರು, 2026ಕ್ಕೆ ರೆಡ್‌ಬುಲ್‌ನ ಅದೇ ಕಂಟಕದ ಕುರ್ಚಿಗೆ ಆಯ್ಕೆಯಾದರು.

ಉತ್ತರ 3: ಗಣಿತದ ಮೇಡಂ, ಸಾಗರ

ನಿಯಮವನ್ನು ಹೆಚ್ಚು ಸ್ಪಷ್ಟಗೊಳಿಸಿದರೆ ಜಗಳ ನಿಲ್ಲುತ್ತದೆ ಎಂಬ ಭಾವ ವಕೀಲರ ಬರಹದಲ್ಲಿ ನನಗೆ ಕಂಡಿತು. ನಾನು ಒಪ್ಪಲಾರೆ. ಸ್ಪಷ್ಟ ನಿಯಮವೂ ಹಗೆತನಕ್ಕೆ ತುಪ್ಪ ಸುರಿದದ್ದುಂಟು. 1988ರಲ್ಲಿ ಮೆಕ್ಲಾರೆನ್ ತಂಡ 16ರಲ್ಲಿ 15 ರೇಸ್ ಗೆದ್ದಿತು, ಪೈಪೋಟಿ ಇದ್ದದ್ದು ಮನೆಯೊಳಗಿನ ಇಬ್ಬರಲ್ಲೇ. ಪ್ರೋಸ್ಟ್ ಗಳಿಸಿದ್ದು 105 ಅಂಕ, ಸೆನ್ನಾ 94. ಚಾಂಪಿಯನ್ ಆದದ್ದು ಸೆನ್ನಾ! ಏಕೆಂದರೆ ಆಗ ಅತ್ಯುತ್ತಮ 11 ಫಲಿತಾಂಶಗಳನ್ನು ಮಾತ್ರ ಎಣಿಸುತ್ತಿದ್ದರು. ಆ ಲೆಕ್ಕದಲ್ಲಿ ಸೆನ್ನಾ 90, ಪ್ರೋಸ್ಟ್ 87. ನಿಯಮದಲ್ಲಿ ಒಂದು ಅಕ್ಷರದ ಗೊಂದಲವೂ ಇರಲಿಲ್ಲ. ಆದರೂ ನನ್ನ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟಾಗ ಅರ್ಧದಷ್ಟು ಮಂದಿ ಅನ್ಯಾಯವೆಂದೇ ಕೂಗಿದರು. ಮರುವರ್ಷ ಸುಜುಕಾದಲ್ಲಿ ಇಬ್ಬರೂ ಡಿಕ್ಕಿಯಾದರು. ಸೆನ್ನಾ ಮತ್ತೆ ಹೊರಟು ಗೆದ್ದರೂ ಅನರ್ಹರಾದರು, ಪ್ರೋಸ್ಟ್ ಚಾಂಪಿಯನ್. 1990ರಲ್ಲಿ ಅದೇ ಸುಜುಕಾದ ಮೊದಲ ತಿರುವಿನಲ್ಲೇ ಸೆನ್ನಾ ಪ್ರೋಸ್ಟ್‌ಗೆ ಗುದ್ದಿದರು, ಅದು ಬೇಕೆಂದೇ ಮಾಡಿದ್ದೆಂದು ಮುಂದಿನ ವರ್ಷ ತಾವೇ ಹೇಳಿಕೊಂಡರು.

ಈಗಿನ ಓವರ್‌ಟೇಕ್ ಮಾರ್ಗಸೂಚಿಯಲ್ಲಂತೂ ಒಳಬದಿಯಿಂದ ಬರುವ ಕಾರಿನ ಮುಂದಿನ ಚಕ್ರಗಳ ಸಾಲು, ತಿರುವಿನ ಒಳತುದಿಯಲ್ಲಿ ಎದುರಾಳಿಯ ಕನ್ನಡಿಯ ಮಟ್ಟಕ್ಕಾದರೂ ಬಂದಿರಬೇಕು ಎಂದು ಅಳತೆಯನ್ನೇ ಕೊಟ್ಟಿದ್ದಾರೆ. ಪರಿಣಾಮವೇನು? ಜಾಣ ಚಾಲಕ ಅಳತೆಗೆ ತಕ್ಕಂತೆ ಓಡಿಸುವುದನ್ನು ಕಲಿತ. 2024ರ ಆಸ್ಟಿನ್‌ನಲ್ಲಿ ಕೊನೆಯ ಸುತ್ತುಗಳ ಒಂದು ತಿರುವಿನಲ್ಲಿ ವೆರ್‌ಸ್ಟಾಪೆನ್ ತಡವಾಗಿ ಬ್ರೇಕ್ ಹಾಕಿ ಒಳತುದಿಗೆ ಮೊದಲು ತಲುಪಿದರು, ಇಬ್ಬರೂ ಟ್ರ್ಯಾಕಿನ ಹೊರಗೆ ಹೋದರು, 5 ಸೆಕೆಂಡ್ ದಂಡ ಬಿದ್ದದ್ದು ಹೊರಗಿನಿಂದ ಮುಂದೆ ಹೋದ ನಾರಿಸ್‌ಗೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಹತ್ತುವ ವಾಹನಕ್ಕೆ ದಾರಿ ಬಿಡಬೇಕು ಎಂಬುದು ಎಲ್ಲರಿಗೂ ಗೊತ್ತು. ಅದನ್ನೇ ನೆಪ ಮಾಡಿ ಎದುರಿನವನನ್ನು ಚರಂಡಿಗೆ ಇಳಿಸುವವನೂ ಅಲ್ಲಿ ಸಿಗುತ್ತಾನೆ. ಹೊಸಬನಿಗೆ ನಿಯಮ ಬಾಯಿಪಾಠವಿರುತ್ತದೆ. ಅದರ ಅಂಚು ಎಲ್ಲಿ ಬಾಗುತ್ತದೆ ಎಂಬುದು ತಿಳಿಯಲು ಅವನಿಗೆ ವರ್ಷಗಳು ಬೇಕು. ಹಾಗಾಗಿ ಲಾಭ ಹಳಬರಿಗೇ ಎಂಬುದು ನನ್ನ ಅಭಿಪ್ರಾಯ.

ಉತ್ತರ 4: ಭದ್ರಾ ದಂಡೆ, ಭದ್ರಾವತಿ

ಮೇಡಂ ಅವರ ಮಾತಿಗೆ ಒಂದು ಅಪವಾದ, ಅದೂ ನಮ್ಮ ದೇಶದ್ದೇ. 2005ರಲ್ಲಿ ರೇಸ್‌ನ ನಡುವೆ ಟೈರು ಬದಲಿಸುವಂತಿರಲಿಲ್ಲ. ಇಂಡಿಯಾನಾಪೊಲಿಸ್‌ನ ಓರೆಯಾದ ತಿರುವನ್ನು ತನ್ನ ಟೈರುಗಳು ತಾಳಲಾರವು ಎಂದು ಟೈರು ಕಂಪನಿ ಮಿಶೆಲಿನ್ ಹೇಳಿತು. ವೇಗ ತಗ್ಗಿಸಲು ಅಲ್ಲೊಂದು ಅಡ್ಡ ತಿರುವು ಹಾಕಿ ಎಂಬ ಬೇಡಿಕೆಯನ್ನು ಎಫ್‌ಐಎ ಒಪ್ಪಲಿಲ್ಲ. ಆರಂಭಕ್ಕೆ ಮುನ್ನವೇ ಮಿಶೆಲಿನ್ ಟೈರಿನ 14 ಕಾರುಗಳು ಪಿಟ್‌ಗೆ ಹಿಂದಿರುಗಿದವು. ಉಳಿದ ಆರು ಕಾರುಗಳ ರೇಸ್‌ನಲ್ಲಿ, ಅದೇ ವರ್ಷ ಫಾರ್ಮುಲಾ ಒನ್‌ಗೆ ಕಾಲಿಟ್ಟಿದ್ದ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ತಂಡದ ಕಾರಿನಲ್ಲಿ ನಾಲ್ಕನೆಯವರಾಗಿ 5 ಅಂಕ ಗಳಿಸಿದರು. ಆರರಲ್ಲಿ ನಾಲ್ಕನೆಯವರು ಎಂದು ಹಂಗಿಸುವವರಿದ್ದಾರೆ. ಇರಲಿ, ಓಡಿದವರಿಗೆ ಅಂಕ.

ಪ್ರಶ್ನೆ ಕೇಳಿದವರ ಮರುಬರಹ: ತೋಟದಮನೆ, ತೀರ್ಥಹಳ್ಳಿ

ನಾಲ್ವರಿಗೂ ಧನ್ಯವಾದಗಳು. ಎಲ್ಲವನ್ನೂ ಅಳಿಯನಿಗೆ ಓದಿ ಹೇಳಿದೆ. ಸೈಂಜ್‌ರ ವಿಷಯ ಕೇಳಿದ ಮೇಲೆ "ಅಷ್ಟರ ಮಟ್ಟಿಗೆ ತಪ್ಪೇ" ಎಂದು ಒಪ್ಪಿದ; ನಾಲ್ಕು ವರ್ಷಗಳಲ್ಲಿ ಅವನು ಒಪ್ಪಿದ್ದು ಇದೇ ಮೊದಲು. ಕೊಪ್ಪದವರು ನನ್ನ ಗುಮಾನಿಗೆ ಮಾಡಿದ ತಿದ್ದುಪಡಿಯನ್ನು ನಾನೂ ಒಪ್ಪುತ್ತೇನೆ, ಮೇಡಂ ಅವರ ಅಭಿಪ್ರಾಯದ ಬಗ್ಗೆ ಮಾತ್ರ ಇನ್ನೂ ಯೋಚಿಸಬೇಕಿದೆ.

ಆದರೆ ಬಸ್ಸು ಹತ್ತುವ ಮುನ್ನ ಅವನು ಇನ್ನೊಂದು ಗಂಟು ಹಾಕಿ ಹೋಗಿದ್ದಾನೆ. 2026ರ ಎಂಜಿನ್ ನಿಯಮದಲ್ಲಿ ಸಂಕೋಚನ ಅನುಪಾತದ (ಸಿಲಿಂಡರಿನೊಳಗೆ ಗಾಳಿ-ಇಂಧನವನ್ನು ಎಷ್ಟು ಪಟ್ಟು ಒತ್ತುತ್ತಾರೆ ಎಂಬ ಲೆಕ್ಕ) ಮಿತಿಯನ್ನು 18ರಿಂದ 16ಕ್ಕೆ ಇಳಿಸಿದ್ದಾರೆ. ಅಳೆಯುವುದು ಹೊರಗಿನ ವಾತಾವರಣದ ತಾಪಮಾನದಲ್ಲಿ ಎಂದು ಬರೆದಿತ್ತು. ಎಂಜಿನ್ ಬಿಸಿಯಾದಾಗ ಆ ಮಿತಿ ದಾಟಿದರೆ ನಿಯಮಭಂಗವೋ ಅಲ್ಲವೋ ಎಂದು ಋತು ಆರಂಭಕ್ಕೆ ಮುನ್ನವೇ ತಂಡಗಳಲ್ಲಿ ತಕರಾರು ಎದ್ದಿತ್ತು. ಅಳೆದಾಗ ಸರಿಯಿದ್ದರೆ ಸರಿಯೇ ಎಂಬುದು ಅವನ ವಾದ. ಅಡಿಕೆ ಮಂಡಿಗೆ ಹಸಿ ಮೂಟೆ ಒಯ್ದು ತೂಕ ಹಾಕಿಸಿ ನೋಡು, ಒಪ್ಪುತ್ತಾರೇನೋ ಎಂದು ನಾನು ಕೇಳಿದೆ. ವಕೀಲರು ಇದಕ್ಕೆ ಪ್ರತ್ಯೇಕವಾಗಿ ಬರೆದರೆ ಉಪಕಾರವಾಗುತ್ತದೆ.